ಉದುರಿದ ‘ಲ್ಲ’

ಫಲಕಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಹೆಬ್ಬಗೋಡಿ ಆಚೆಯ ನಮ್ಮ ಕೈಗಾರಿಕಾ ಬಡಾವಣೆಯಲ್ಲಿ ತಾವು ನಿಲ್ಲಿಸಿರುವ ಎಚ್ಚರಿಕೆ ಫಲಕಗಳನ್ನು ನಂಬಿದವರಿಗೆ ಅಪಾಯವಾಗುತ್ತಿದೆ. ಇದನ್ನು ಹೇಳಲು ನನಗೆ ನಾಚಿಕೆಯೂ ಇದೆ. ಆ ಅಕ್ಷರಗಳನ್ನು ಬರೆದುಕೊಟ್ಟವನು ನಾನೇ.

೨೦೧೨ರ ಬೇಸಿಗೆಯಲ್ಲಿ ತಾವು ನನ್ನ ಅಂಗಡಿಗೆ ಬಂದು ಒಂದು ವಾಚಿನ ಜಾಹೀರಾತನ್ನು ಮೇಜಿನ ಮೇಲೆ ಹರಡಿದಿರಿ. ಅದರ ಇಂಗ್ಲಿಷ್ ಅಕ್ಷರಗಳಲ್ಲಿ ನಿಂತ ಗೆರೆ ಕಂಬದಷ್ಟು ದಪ್ಪ, ಅಡ್ಡಗೆರೆ ಕೂದಲೆಳೆ, ತುದಿಗಳಲ್ಲಿ ಸೂಜಿಯಂಥ ಚಾಚು. “ಕನ್ನಡದಲ್ಲೂ ಇದೇ ಲುಕ್ ಬರ್ಬೇಕು ಕಣ್ರೀ” ಎಂದಿರಿ.

“ಸಾರ್, ಇದು ಲಗ್ನಪತ್ರಿಕೆಗೆ, ರೇಷ್ಮೆ ಸೀರೆ ಅಂಗಡಿಗೆ ಚೆಂದ. ಈ ಧೂಳಲ್ಲಿ ಸಣ್ಣ ಗೆರೆ ಕಾಣ್ಸಲ್ಲ” ಎಂದೆ.

“ಫಾರಿನ್ ಕಂಪನಿಯವ್ರು ಓಡಾಡೋ ಜಾಗ. ಹಳ್ಳಿ ಬೋರ್ಡ್ ಥರ ಇರ್ಬಾರ್ದು” ಎಂದು ಎದ್ದಿರಿ. ನಾನೂ ಒಪ್ಪಿಕೊಂಡೆ. ಆ ಅಕ್ಷರದ ಚೆಲುವಿಗೆ ನಾನೂ ಮರುಳಾಗಿದ್ದೆ. ನುಣುಪು ಕಾಗದದ ಮೇಲೆ, ನೋಡಲು ಪುರುಸೊತ್ತಿರುವವರ ಮುಂದೆ ಅದು ಮಹಾರಾಣಿ. ಲಾರಿ ಓಡುವ ರಸ್ತೆಯಲ್ಲಿ ಅದರ ಅರ್ಧ ಮೈ ಮಾಯ.

ಗಿಡಗಳಿಗೆ ಹಾಯಿಸುವ ಕೊಳಚೆ ನೀರಿನ ನಲ್ಲಿಯ ಮೇಲೆ ‘ಕುಡಿಯುವ ನೀರಲ್ಲ’ ಎಂಬ ಫಲಕ ಹಾಕಿಸಿದಿರಿ. ಅಂಚಿಗೆ ಬಂದ ‘ಲ್ಲ’ವನ್ನು ಬಳ್ಳಿಯ ಸುರುಳಿಯ ಹಾಗೆ, ಪೂರ್ತಿ ಸಣ್ಣ ಗೆರೆಯಲ್ಲೇ ಎಳೆದಿದ್ದೆ. ಸ್ಟಿಕ್ಕರಿನಲ್ಲಿ ಕತ್ತರಿಸಿ ಅಂಟಿಸಿದ ಆ ಎಳೆ ಒಂದೇ ಬಿಸಿಲುಗಾಲಕ್ಕೆ ಉದುರಿತು. ಉಳಿದದ್ದು ‘ಕುಡಿಯುವ ನೀರ’.

ತೋಟದ ಕೆಲಸಕ್ಕೆ ಹೊಸದಾಗಿ ಸೇರಿದ ಪಿಳ್ಳಮ್ಮನವರಿಗೆ ಐವತ್ತರ ಆಸುಪಾಸು. ಎರಡು ವರ್ಷದ ಹಿಂದಷ್ಟೇ ಸಂಜೆ ಶಾಲೆಯಲ್ಲಿ ಓದು ಕಲಿತವರು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ಎರಡು ದಿನ ಆ ನೀರು ಕುಡಿದರು. ವಾಂತಿಭೇದಿಯಿಂದ ಒಂಬತ್ತು ದಿನ ಆಸ್ಪತ್ರೆಯಲ್ಲಿ ಮಲಗಿದರು.

ನಾನು ನೋಡಲು ಹೋದಾಗ ಹೇಳಿದರು: “ಓದಕ್ ಬರ್ದೇ ಇದ್ದಾಗ ಯಾರನ್ನಾರ ಕೇಳಿ ಕುಡೀತಿದ್ನಪ್ಪ. ಈಗ ಓದ್ಕಂಡೇ ಕುಡುದ್ನಲ್ಲ.”

ಆ ಫಲಕ ಬರೆದವನು ನಾನೇ ಎಂದು ಅವರೆದುರು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಅಕ್ಸರ ಚೆಂದಾಗೈತೆ” ಎಂದು ಗೋಡೆ ಕಡೆ ತಿರುಗಿದರು. ಬದುಕಿ ಮನೆಗೆ ಬಂದಿದ್ದಾರೆ, ದೇವರ ದಯೆ. ಸಂಜೆ ಶಾಲೆಗೆ ಮಾತ್ರ ಹೋಗುತ್ತಿಲ್ಲ. ಬಸ್ಸಿನ ಬೋರ್ಡು ಎದುರಿಗಿದ್ದರೂ ಪಕ್ಕದವರನ್ನು ಕೇಳುತ್ತಾರೆ.

ತಮ್ಮ ವಿಚಾರಣಾ ವರದಿ ಏನು ಹೇಳುತ್ತದೆ? ‘ಫಲಕವಿತ್ತು. ಕಾರ್ಮಿಕ ಮಹಿಳೆ ಅನಕ್ಷರಸ್ಥೆ.’ ಎಂಥ ಅನುಕೂಲದ ಪದ! ಅದೇ ಹಾಳೆಯ ಕೆಳಗಿನ ಹೇಳಿಕೆಗೆ ಪಿಳ್ಳಮ್ಮನವರು ಸ್ವಂತ ಕೈಯಿಂದ ಸಹಿ ಹಾಕಿದ್ದಾರೆ. ಹೆಬ್ಬೆಟ್ಟಲ್ಲ, ಸಹಿ. ಹಾಗಾದರೆ ಓದಲು ಬಾರದವರು ಯಾರು ಸ್ವಾಮಿ?

ಆ ಫಲಕಗಳನ್ನೆಲ್ಲ ಈ ವಾರವೇ ಇಳಿಸಿ. ದಪ್ಪ ಬ್ರಷ್ಷಿನಲ್ಲಿ, ಎಲ್ಲ ಗೆರೆಯೂ ಒಂದೇ ಸಮವಾಗಿ, ನಾನೇ ಬರೆದುಕೊಡುತ್ತೇನೆ. ವರದಿಯಲ್ಲಿನ ‘ಅನಕ್ಷರಸ್ಥೆ’ ಎಂಬ ಪದವನ್ನು ಹೊಡೆದುಹಾಕಿ, ತಿದ್ದಿದ ಪ್ರತಿಯನ್ನು ಪಿಳ್ಳಮ್ಮನವರ ಕೈಗೇ ಕೊಡಿ. ಬೇರೆ ಯಾರೂ ಓದಿ ಹೇಳಬೇಕಾಗಿಲ್ಲ.

ಇಂತಿ,
ತಮ್ಮ ತಪ್ಪಿನಲ್ಲಿ ಅರ್ಧ ಪಾಲುದಾರ,
ಪಾಪಯ್ಯ
ಬೋರ್ಡ್ ಬರೆಯುವವನು, ಹೆಬ್ಬಗೋಡಿ