ಎಂಟು ಹನಿ

ದೇವಾನಂದ ಅವರೇ,

ಹೆಸರು ಹಿಡಿದು ಬರೆದಳೆಂದು ಬೇಸರ ಬೇಡ. ಹತ್ತೊಂಬತ್ತು ವರ್ಷ 'ರೀ' ಎಂದೇ ಕರೆದೆ. ಈಗ ಬಾಯಿತಪ್ಪಿ 'ರೀ' ಅಂದರೆ ನಿಮ್ಮ ಅವ್ವ ಹೊರಗೆ ಬಂದು ಬಾಗಿಲ ಕಡೆ ನೋಡುತ್ತಾರೆ. ಅದಕ್ಕೇ ಹೆಸರು.

ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ನೀವು ಹೈದರಾಬಾದಿನ ಆಸ್ಪತ್ರೆ ಸೇರಿದ ಐದನೇ ದಿನವೇ ನಿಮ್ಮ ಹವಳಗಳು ಸತ್ತವು. ಕೊಂದವಳು ನಾನು.

ಸಮುದ್ರವೇ ಕಾಣದ ಸೇಡಂನಲ್ಲಿ, ಪಡಸಾಲೆಯಲ್ಲೊಂದು ಗಾಜಿನ ತೊಟ್ಟಿ ಇಟ್ಟು, ಉಪ್ಪುನೀರು ತುಂಬಿ ಹವಳ, ಜೊತೆಗೆ ಎರಡು ಮೀನು ಸಾಕುತ್ತೇನೆ ಎಂದು ನೀವು ಹೇಳಿದಾಗ ಓಣಿಯೇ ನಕ್ಕಿತ್ತು. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾನು. ಮೀನು ತಿನ್ನುವವರನ್ನು ಕಂಡಿದ್ದೆ, ಮೀನಿಗೆ ಬೋರಿನ ನೀರು ಆಗದೆಂದು ಫಿಲ್ಟರ್ ನೀರು ಹಿಡಿದಿಡುವವರನ್ನು ಕಂಡಿರಲಿಲ್ಲ. ಸಿಮೆಂಟ್ ಫ್ಯಾಕ್ಟರಿಯ ಲ್ಯಾಬಿನಲ್ಲಿ ದಿನವಿಡೀ ಸುಣ್ಣದಕಲ್ಲು ಪರೀಕ್ಷೆ ಮಾಡಿ ಬಂದು ಮನೆಯಲ್ಲೂ ಅದೇ ಕೆಲಸ. "ಹವಳಂದ್ರೂ ಸುಣ್ಣನೇ ಲುಂಬಿನಿ. ನೀರಾಗಿನ ಸುಣ್ಣ ತಿಂದು ತಮ್ಮ ಮನಿ ತಾವೇ ಕಟ್ಕೋತಾವ" ಅನ್ನುತ್ತಿದ್ದಿರಿ. ದಿನಾ ಸಂಜೆ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧಿ ಹನಿಸಿ, ನೀಲಿ ಹೋಗಿ ಹಳದಿ ಬರುವವರೆಗೆ ಎಣಿಸುವುದು. ಎಂಟು ಹನಿಗೆ ತಿರುಗಿದರೆ ನೀರು ಸರಿಯಿದೆ. ಏಳಕ್ಕೆ ಇಳಿದರೆ ಸುಣ್ಣದ ತಿಳಿನೀರನ್ನು ಸಲಾಯನ್ ಪೈಪಿನಿಂದ ತೊಟ್ಟುತೊಟ್ಟಾಗಿ ಬಿಡುವುದು. ಆಸ್ಪತ್ರೆಗೆ ಹೋಗುವ ಮುಂಚೆ ಇದೆಲ್ಲ ನನಗೆ ಕಲಿಸಿದಿರಿ.

ಕಿಡ್ನಿ ಕೈಕೊಟ್ಟಾಗ ಜೊತೆಗೆ ನಿಮ್ಮ ತಮ್ಮ ಅಜಯಕುಮಾರನನ್ನು ಕರೆದುಕೊಂಡಿರಿ. ನಾನೂ ಬರುತ್ತೇನೆಂದು ಬಟ್ಟೆ ಮಡಚಿಟ್ಟಿದ್ದೆ. "ನೀ ಬಂದರ ಹವಳ ಯಾರು ನೋಡ್ತಾರ? ನಾ ಹಿಂಗ್ ಹೋಗಿ ಹಾಂಗ್ ಬರ್ತೀನಿ" ಅಂದಿರಿ.

ನಾಲ್ಕನೇ ದಿನ ಆರು ಹನಿ. ಐದನೇ ದಿನ ಐದೇ ಹನಿ. ನಿಮ್ಮ ಸುಣ್ಣದ ಡಬ್ಬಿ ಖಾಲಿಯಾಗಿತ್ತು. ಆದರೆ ನಮ್ಮೂರಲ್ಲಿ ಸುಣ್ಣಕ್ಕೇನು ಬರ? ಭೀಮ ಜಯಂತಿಗೆ ಗೋಡೆ ಬಳಿಯಲೆಂದು ಬಕೆಟ್ಟಿನಲ್ಲಿ ನೆನೆಹಾಕಿದ್ದೆ. ತಿಳಿಯಾಗಲು ಬಿಡಲಿಲ್ಲ, ಹನಿಸಲೂ ಇಲ್ಲ. ಚೆನ್ನಾಗಿ ಕಲಕಿ ಎರಡು ಚೊಂಬು ಸುರಿದೆ. ಕಡಿಮೆಯಾದದ್ದನ್ನು ಒಂದೇ ಏಟಿಗೆ ತುಂಬುವ ಆತುರ. ನೀರು ಮಜ್ಜಿಗೆಯಂತಾಯಿತು. ಹೊತ್ತು ಮುಳುಗುವಷ್ಟರಲ್ಲಿ ಎರಡೂ ಮೀನು ಅಡ್ಡಬಿದ್ದು ತೇಲಿದವು. ಹವಳದ ಹಸಿರು ಮೈ ಲೋಳೆಯಾಗಿ ಕಳಚಿ, ಒಳಗಿನ ಬಿಳಿ ಮಾತ್ರ ಉಳಿಯಿತು. ಆ ಸಲದ ಜಯಂತಿಗೆ ಗೋಡೆಗೂ ಹವಳಕ್ಕೂ ಒಂದೇ ಬಣ್ಣ.

ಅಷ್ಟರಲ್ಲಿ ನಿಮ್ಮ ಫೋನ್ ಬಂತು. "ಎಷ್ಟ ಹನಿ?"

"ಎಂಟು ರೀ" ಅಂದೆ.

"ಶಾಬಾಸ್" ಅಂದಿರಿ. ನಿಮ್ಮ ರಕ್ತದ ರಿಪೋರ್ಟಿನಲ್ಲಿ, ಕಿಡ್ನಿ ಸೋತಷ್ಟೂ ಏರುವ ಆ ಅಂಕಿ ಎಷ್ಟು ಬಂತೆಂದು ಕೇಳಿದೆ. "ನಾಕ. ನಿನ್ನಿ ಇದ್ದಷ್ಟ ಅದ. ಚಿಂತಿ ಮಾಡಬ್ಯಾಡ."

ಹದಿನೇಳು ದಿನ ಇದೇ ಮಾತು. ನನ್ನದು ಎಂಟು, ನಿಮ್ಮದು ನಾಲ್ಕು. ಆ ತೊಟ್ಟಿಯಲ್ಲಿ ನಾನು ಕಾಯಬೇಕಾದದ್ದು ಏನೂ ಇರಲಿಲ್ಲ. ಹೈದರಾಬಾದ್ ಬಸ್ಸು ಹತ್ತಿದ್ದರೆ ಸಂಜೆಯೊಳಗೆ ನಿಮ್ಮ ಮಗ್ಗುಲಲ್ಲಿ ಇರುತ್ತಿದ್ದೆ. ಆದರೆ ಬಂದರೆ "ಅವನ್ನ ಯಾರಿಗೆ ಒಪ್ಪಿಸಿ ಬಂದಿ?" ಎಂದು ಕೇಳುತ್ತಿದ್ದಿರಿ. ಅದಕ್ಕೆ ಹೆದರಿ ಸತ್ತ ನೀರಿನ ಮುಂದೆ ಕೂತೆ. ಇಪ್ಪತ್ತೆರಡನೇ ದಿನ ಅದೇ ಹೊತ್ತಿಗೆ ಫೋನ್ ಬಂತು. ಮಾತಾಡಿದವನು ಅಜಯಕುಮಾರ.

ಅವನು ಇವತ್ತು ಆಸ್ಪತ್ರೆಯ ಫೈಲು ತಂದುಕೊಟ್ಟ. ಒಂದೊಂದೇ ಹಾಳೆ ತಿರುವಿದೆ. ನಾಲ್ಕು ಇದ್ದದ್ದು ಮೊದಲ ವಾರ ಮಾತ್ರ. ಆಮೇಲೆ ಐದು, ಆರೂವರೆ, ಒಂಬತ್ತು. ಒಂಬತ್ತಿದ್ದ ದಿನವೂ ನೀವು ನಗುತ್ತಲೇ ನಾಲ್ಕು ಅಂದಿದ್ದಿರಿ. ನನಗೆ ನಿಮ್ಮ ಮೇಲೆ ಎಂಥಾ ಸಿಟ್ಟು ಬಂತೆಂದರೆ, ಫೈಲನ್ನು ಗೋಡೆಗೆ ಎಸೆದೆ.

ಎಸೆದ ಮೇಲೆ ನೆನಪಾಯಿತು, ಹನಿ ಎಣಿಸಲು ಕಲಿಸುವಾಗ ನೀವು ಹೇಳಿದ್ದು. "ಜೀವ ಇದ್ದ ನೀರು ದಿನಾ ಒಂದ ಲೆಕ್ಕ ಕೊಡಂಗಿಲ್ಲ. ವಾರಗಟ್ಲೆ ಅಲ್ಲಾಡಲಿಲ್ಲ ಅಂದರ, ಒಂದೋ ಎಣಿಸಿದವರು ಸುಳ್ಳು ಹೇಳಾಕತ್ತಾರ, ಇಲ್ಲಾ ತಿನ್ನೋವು ಸತ್ತಾವ."

ಅಂದರೆ ನಿಮಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಕೇಳಿದಿರಿ, ದಿನಾ ಶಾಬಾಸ್ ಅಂದಿರಿ. ನಿಮ್ಮ ನಾಲ್ಕು ಯಾಕೆ ಅಲ್ಲಾಡುತ್ತಿಲ್ಲ ಎಂದು ನಾನೊಂದು ದಿನ ಕೇಳಬೇಕಿತ್ತು. ಕಲಿಸಿದ ಪಾಠ ನನ್ನ ತಲೆಗೆ ಹತ್ತಲಿಲ್ಲ.

ತೊಟ್ಟಿ ತೊಳೆದು ಹೊಸ ನೀರು ತುಂಬಿದ್ದೇನೆ. ಪಂಪು ನಿಲ್ಲಿಸಿಲ್ಲ, ಆ ಸದ್ದು ಇಲ್ಲದಿದ್ದರೆ ಅತ್ತೆ ಕಸಿವಿಸಿ ಪಡುತ್ತಾರೆ. ಬಿಳಿ ಕಲ್ಲುಗಳು ಒಳಗೇ ಇವೆ. ನೋವಿಲ್ಲದ ಕಡೆ ತಣ್ಣಗಿರಿ. ಜೈಭೀಮ.

ಇವತ್ತಿನದೂ ಹೇಳಿಬಿಡುತ್ತೇನೆ, ಈಗಷ್ಟೇ ಎಣಿಸಿ ಬಂದೆ. ಸುಳ್ಳಲ್ಲ ರೀ, ಎಂಟು. ನಿನ್ನೆಯೂ ಎಂಟು, ಮೊನ್ನೆಯೂ ಎಂಟು.

ನಿಮ್ಮ,
ಲುಂಬಿನಿ