ಸೋಪಿನಲ್ಲಿ ಒತ್ತಿದ ಕೀ ಯಾರ ಮನೆಯದು?

ಸಂತ್ರಸ್ತರ ನೆರವು ವಿಭಾಗದ ಮುಖ್ಯಾಧಿಕಾರಿಗಳೇ,

ಕೊಡುತ್ತೇವೆ ಎಂದಿರಿ: ನನ್ನ ತಂಗಿಯ ಮಗಳಿಗೆ ವಾರಕ್ಕೊಮ್ಮೆ ಆಪ್ತಸಮಾಲೋಚಕಿ. ಕೊಟ್ಟಿರಿ, ಹನ್ನೊಂದು ವಾರ ಕಳೆದ ಮೇಲೆ ಕಿತ್ತುಕೊಂಡಿರಿ. ಕೊಡುತ್ತೇವೆ ಎಂದಿರಿ: ಕೇಸಿನ ಪ್ರತಿ ಹಂತದ ಮಾಹಿತಿ. ಗಲ್ಲುಶಿಕ್ಷೆ ಕಾಯಂ ಆದದ್ದನ್ನು ನಾನು ತಿಳಿದದ್ದು ಬಸ್ ಡಿಪೋದ ಟಿ.ವಿ.ಯಿಂದ. ಕೊಡುತ್ತೇವೆ ಎಂದಿರಿ: ಅಮ್ಮನನ್ನು ಕೊಂದವನ ಎದುರು ಕೂತು ಒಂದೇ ಒಂದು ಪ್ರಶ್ನೆ ಕೇಳಲು ಆ ಹುಡುಗಿಗೆ ಒಂದು ಗಂಟೆ. ದಿನ ಗೊತ್ತು ಮಾಡಿದಿರಿ, ರದ್ದು ಮಾಡಿದಿರಿ. ಹೇಳಿದಂತೆ ತಪ್ಪದೆ ಕೊಡಲು ಹೊರಟಿರುವುದು ಹಗ್ಗ ಮಾತ್ರ.

ನಾನು ಕ್ಷಮಿಸಿದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಕರುಣಾಮಯಿ ಎಂದು ಹಾರ ಹಾಕಲು ಯಾರೂ ಬರುವುದು ಬೇಡ. ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿ ದುಡಿದವಳು, ಕಾರ್ಮಿಕ ಸಂಘದಲ್ಲಿ ಬಾಯಿ ಮಾಡಲು ಕಲಿತವಳು. ಅವನ ಹೆಸರು ಕೇಳಿದರೆ ಇವತ್ತಿಗೂ ನನ್ನ ಕೈ ಮುಷ್ಟಿಯಾಗುತ್ತದೆ. ನನಗೆ ಸೇಡು ಬೇಕು. ನೀವು ಕೊಡುತ್ತಿರುವುದು ಸೇಡಲ್ಲ, ಸೇಡಿನ ಹೆಸರಲ್ಲಿ ಅವನಿಗೊಂದು ರಿಯಾಯಿತಿ. ಅದಕ್ಕೇ ಈ ಪತ್ರ.

ನನ್ನ ತಂಗಿ ಕೀ ಮಾಡುವವಳು. ಮಾರ್ಕೆಟ್ ರಸ್ತೆಯಲ್ಲಿ, ಚಪ್ಪಲಿ ಹೊಲಿಯುವ ಅಜ್ಜನ ಎದುರಿಗೆ, ಇಬ್ಬರು ನಿಂತರೆ ಮೂರನೆಯವರಿಗೆ ಉಸಿರಾಡಲು ಜಾಗವಿಲ್ಲದ ಅಂಗಡಿ. ಗೋಡೆ ತುಂಬ ಮೊಳೆ, ಮೊಳೆ ತುಂಬ ಹಲ್ಲಿಲ್ಲದ ಹೊಸ ಕೀಗಳು. 'ಹಲ್ಲು ಬರದ ಮಕ್ಕಳು' ಎನ್ನುತ್ತಿದ್ದಳು. ಅವಳದೊಂದು ನಿಯಮ: ಸೋಪಿನಲ್ಲೋ ಮೇಣದಲ್ಲೋ ಒತ್ತಿ ತಂದ ಅಚ್ಚು ನೋಡಿ ಕೀ ಮಾಡುವುದಿಲ್ಲ. ಬೀಗವನ್ನೇ ತರಬೇಕು, ಇಲ್ಲವೇ ಬಾಗಿಲಿಗೆ ಕರೆದುಕೊಂಡು ಹೋಗಬೇಕು. ಅವನು ಸೋಪಿನ ತುಂಡು ತಂದ. ಇವಳು ಆಗುವುದಿಲ್ಲ ಎಂದಳು. ಮರುದಿನವೂ ಬಂದ. ಅವತ್ತು ಇವಳು ಹೇಳಿದ ಮಾತನ್ನು ಎದುರಿನ ಅಜ್ಜ ನ್ಯಾಯಾಲಯದಲ್ಲಿ ಇದ್ದ ಹಾಗೇ ಹೇಳಿದ್ದಾರೆ: "ಬೀಗ ತಗೊಂಡ್ ಬಾಪ್ಪಾ, ಮಾಡ್ಕೊಡ್ತೀನಿ. ಸೋಪ್ ತಂದ್ರೆ ಸ್ನಾನ ಮಾಡು ಅಂತೀನಿ ಅಷ್ಟೇ." ಅಜ್ಜ ನಕ್ಕರಂತೆ. ಪಕ್ಕದಲ್ಲಿ ನಿಂತಿದ್ದ ಇಬ್ಬರೂ ನಕ್ಕರಂತೆ. ಮಧ್ಯಾಹ್ನ ಮೂರು ಗಂಟೆ. ಅವನು ಅಲ್ಲೇ ಇದ್ದ ಸುತ್ತಿಗೆ ಎತ್ತಿಕೊಂಡ.

ಅಂದರೆ ನನ್ನ ತಂಗಿ ಸತ್ತದ್ದು ಇನ್ನಾರದೋ ಬಾಗಿಲು ಕಾಯಲು ಹೋಗಿ. ಆ ಬಾಗಿಲು ಯಾರದು?

ತೀರ್ಪಿನ ದಿನ ಹೂಗುಚ್ಛ, ಫೋಟೋಗ್ರಾಫರ್ ಸಮೇತ ನಮ್ಮ ಮನೆಗೆ ಬಂದಿದ್ದಿರಲ್ಲ, ಆಗ ಹದಿನೈದು ವರ್ಷದ ಆ ಹುಡುಗಿ ನಿಮ್ಮನ್ನು ಕೇಳಿದ್ದು ಅದನ್ನೇ. "ಸರ್, ಅದು ಯಾರ ಮನೆ ಕೀ?" ನೀವು ಕ್ಯಾಮೆರಾ ಕಡೆಗೆ ಮುಖ ಇಟ್ಟುಕೊಂಡೇ ಹೇಳಿದಿರಿ: "ಅದು ಕೇಸಿಗೆ ಸಂಬಂಧ ಇಲ್ಲಮ್ಮ."

ಸಂಬಂಧ ಇಲ್ಲ, ಒಪ್ಪಿದೆ. ಸುತ್ತಿಗೆ ಸಿಕ್ಕಿತು, ಸಾಕ್ಷಿ ಸಿಕ್ಕರು, ಕೊಂದವನು ಸಿಕ್ಕಿದ. ಸೋಪಿನ ತುಂಡು ಒಂಬತ್ತನೇ ವಸ್ತುವಾಗಿ ಚೀಟಿ ಅಂಟಿಸಿಕೊಂಡು ಪೊಲೀಸರ ಉಗ್ರಾಣದಲ್ಲಿ ಒಣಗಿ, ಬಿರುಕು ಬಿಟ್ಟು, ಪುಡಿಯಾಯಿತು. ಆದರೆ ಆ ಹುಡುಗಿ ಶಾಲೆಗೆ ಹೋಗುವ ದಾರಿಯಲ್ಲಿ ಪ್ರತಿ ಮನೆಯ ಬಾಗಿಲ ಮುಂದೆ ನಿಲ್ಲುತ್ತಾಳೆ. ಇದೇ ಇರಬಹುದಾ ಎಂದು ಬೀಗ ನೋಡುತ್ತಾಳೆ. ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ. ಮನೆಗೆ ಬಂದರೆ ಚಿಲಕ ಎಳೆದು ನೋಡುವುದು ಒಂಬತ್ತು ಸಲ. ನೀವು ಕಳಿಸಿದ ಸಮಾಲೋಚಕಿ ಬಂದ ಮೇಲೆ ಒಂಬತ್ತು ಮೂರಾಯಿತು, ಮೂರು ಒಂದಾಯಿತು. ನಿಮ್ಮ ಇಲಾಖೆ ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಬಹುಶಃ ನಿಮಗೆ ಗೊತ್ತಿಲ್ಲದೆ ನಡೆದುಹೋಗಿತ್ತು.

ಆ ಸಮಾಲೋಚಕಿ ಜೈಲಿಗೂ ನಾಲ್ಕು ಸಲ ಹೋಗಿಬಂದರು. ಕೋರ್ಟಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಅವರ ಮುಂದೆ ಹೇಳಿದನಂತೆ: "ಕೋರ್ಟಿಗೆ ಹೇಳಲ್ಲ. ಆ ಮಗು ಬಂದು ಕೇಳಿದ್ರೆ ಹೇಳ್ತೀನಿ." ಮಗು ಕೇಳಲು ತಯಾರಾಗಿತ್ತು. ಅಷ್ಟರಲ್ಲಿ ನಿಮ್ಮ ಗುಮಾಸ್ತರು ಒಂದು ಕಾಗದ ತಂದರು. ಅವನ ಕ್ಷಮಾದಾನದ ಅರ್ಜಿಯನ್ನು ಕುಟುಂಬ ವಿರೋಧಿಸುತ್ತದೆ, ಸಹಿ ಹಾಕಿ. ಹುಡುಗಿ ಓದಿದಳು, ಮಡಚಿದಳು, ಅವರ ಕೈಗೇ ಕೊಟ್ಟಳು. "ಅವನು ಸತ್ರೆ ನಾನು ಯಾರನ್ನ ಕೇಳ್ಲಿ?" ಎಂದಳು. ಎರಡೇ ದಿನ. ಸಮಾಲೋಚಕಿ ಬರುವುದು ನಿಂತಿತು, ಭೇಟಿ ರದ್ದಾಯಿತು, ನಮ್ಮ ಕಡತದ ಮೇಲೆ 'ಸಹಕರಿಸದ ಕುಟುಂಬ' ಎಂದು ಬಿತ್ತು. ಈಗ ಚಿಲಕ ಮತ್ತೆ ಒಂಬತ್ತು ಸಲ.

ಅಲ್ಲ ಸ್ವಾಮಿ, ನೆರವು ಸತ್ತವಳ ಮಗಳಿಗೋ, ನಿಮ್ಮ ಹಗ್ಗಕ್ಕೋ? ಗಲ್ಲಿಗೆ ಹೂಂ ಎಂದವರು ಮಾತ್ರ ನಿಮ್ಮ ಲೆಕ್ಕದಲ್ಲಿ ಸಂತ್ರಸ್ತರೋ? ಕೋಟೆ ಸೂರೆಯಾದ ಮೇಲೆ ದಿಡ್ಡಿ ಬಾಗಿಲು ಹಾಕಿದವರನ್ನು ಕೇಳಿದ್ದೇವೆ. ಹಾಕಿದ ಬಾಗಿಲಿನ ಹೊರಗೆ ಮನೆಯವರನ್ನೇ ನಿಲ್ಲಿಸಿದವರು ನೀವೇ ಮೊದಲು.

ನನ್ನ ಸಹಿ ನಿಮ್ಮ ಹತ್ತಿರ ಇದೆ, ಗೊತ್ತು. ತಂಗಿಯನ್ನು ಮಣ್ಣು ಮಾಡಿದ ಮೂರನೇ ದಿನ, ಕಣ್ಣು ಕಾಣದಷ್ಟು ಉರಿಯಲ್ಲಿ, 'ಗಲ್ಲೇ ಆಗಲಿ' ಎಂಬ ನಿಮ್ಮ ನಮೂನೆಗೆ ಹಾಕಿದ್ದು. ಹಾಕಿದ ಕೈ ನನ್ನದೇ, ಅಲ್ಲಗಳೆಯುವುದಿಲ್ಲ. ಅದನ್ನೇ ಇಷ್ಟು ದಿನ ಬಾವುಟದ ಹಾಗೆ ಆಡಿಸಿದಿರಿ. ಇಂದು ಈ ಬಹಿರಂಗ ಪತ್ರದ ಮೂಲಕ ವಾಪಸು ಪಡೆಯುತ್ತಿದ್ದೇನೆ. ಉರಿ ಆರಿದೆ ಎಂದಲ್ಲ. ಲೆಕ್ಕ ಹಾಕಿ ನೋಡಿದೆ, ಅಷ್ಟೆ. ಗಲ್ಲು ಅಂದರೆ ಅವನಿಗೆ ಕೆಲವು ನಿಮಿಷ. ಆಮೇಲೆ ಅವನಿಗೆ ಪ್ರಶ್ನೆಯೂ ಇಲ್ಲ, ಉತ್ತರವೂ ಇಲ್ಲ, ಆ ಹುಡುಗಿಯ ಮುಖ ನೋಡುವ ಶಿಕ್ಷೆಯೂ ಇಲ್ಲ. ಅವಳಿಗೆ ಮಾತ್ರ ಊರಿನ ಅಷ್ಟೂ ಬಾಗಿಲು, ಜೀವಮಾನ ಪೂರ್ತಿ. ಇದಾವ ಸೀಮೆಯ ನ್ಯಾಯ? ಅವನು ಬದುಕಬೇಕು. ಗೋಡೆಯ ಒಳಗೇ ಮುದುಕನಾಗಬೇಕು. ಅವಳು ಕೇಳಿದಾಗಲೆಲ್ಲ ತಲೆ ಎತ್ತಿ ಉತ್ತರ ಕೊಡಬೇಕು. ಅಮ್ಮ ಎಂಥವಳಾಗಿದ್ದಳು ಎಂದು ಅವಳು ಹೇಳುವುದನ್ನು ಕಿವಿ ಮುಚ್ಚದೆ ಕೇಳಿಸಿಕೊಳ್ಳಬೇಕು. ಸಮಾಲೋಚಕಿ ಇದನ್ನು ಗಾಯ ಮಾಯಿಸುವ ದಾರಿ ಎನ್ನುತ್ತಾರೆ. ಅವರು ಒಳ್ಳೆಯವರು, ಹಾಗೆನ್ನಲಿ. ನಾನು ಸೇಡು ಎನ್ನುತ್ತೇನೆ. ಹುಡುಗಿ ವಾಸಿಯಾದರೆ ಎರಡೂ ಒಂದೇ.

ಹಾಗಾಗಿ ಬೇಡುತ್ತಿಲ್ಲ, ಕೇಳುತ್ತಿದ್ದೇನೆ. ಸಮಾಲೋಚಕಿಯನ್ನು ಈ ವಾರವೇ ವಾಪಸು ಕಳಿಸಿ. ಹಗ್ಗ ಬೇಕು ಎನ್ನುವವರಿಗೂ ಬೇಡ ಎನ್ನುವವರಿಗೂ ನೆರವು ಒಂದೇ ಎಂದು ಲಿಖಿತ ಆದೇಶ ಹೊರಡಿಸಿ. ಈ ಮನೆಯವರು ಗಲ್ಲು ಕೇಳುತ್ತಿಲ್ಲ ಎಂದು ಕ್ಷಮಾದಾನ ಮಂಡಳಿಗೆ ನಿಮ್ಮ ಕೈಯಾರೆ ಬರೆಯಿರಿ. ಮತ್ತು ಆ ಭೇಟಿ ನಡೆಯಲಿ.

ರದ್ದು ಮಾಡಿದ್ದು ನೀವು, ನಾವಲ್ಲ. ನೀವು ಗೊತ್ತು ಮಾಡಿದ್ದ ದಿನವನ್ನೇ ನಾವು ಇಟ್ಟುಕೊಂಡಿದ್ದೇವೆ. ಹುಡುಗಿ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ. ನಮ್ಮ ಜೊತೆ ಚಪ್ಪಲಿ ಹೊಲಿಯುವ ಅಜ್ಜ ಬರುತ್ತಾರೆ, ಡಿಪೋದ ಎರಡು ಪಾಳಿಯವರು ಬರುತ್ತಾರೆ. ಫೋಟೋಗ್ರಾಫರನ್ನು ನೀವೇ ಕರೆತನ್ನಿ.

ಇಂತಿ,
ತಪ್ಪು ಕಾಗದಕ್ಕೆ ಬೇಗ ಸಹಿ ಹಾಕಿ, ಸರಿ ಕಾಗದವನ್ನು ತಡವಾಗಿ ಬರೆದ,
ಕೀ ಮಾಡುವವಳ ಅಕ್ಕ

ಭೇಟಿ: ಬರುವ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆ, ಜೈಲಿನ ಮುಂಬಾಗಿಲು.