ಶನಿವಾರ ಹನ್ನೊಂದರ ಭೇಟಿ

ರಾಣೆಬೆನ್ನೂರು
ಕ್ರಿ.ಶ. 2207, ಹದಿಮೂರನೆಯ ತಿಂಗಳು, ನಾಲ್ಕನೆಯ ದಿನ

ದಾಕ್ಷಾಯಣಿಯವರಿಗೆ,

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆಂದು ಕಾಗದ ಮಡಚಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳು. ಮಿಕ್ಕ ಒಂದು ದಿನ ಯಾವ ತಿಂಗಳಿಗೂ ಸೇರುವುದಿಲ್ಲ, ಅಂದು ಎಲ್ಲರೂ ಮಲಗಿರುತ್ತಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣಗಳಿಂದ ಕಲಿತೆ, ಮಾತು ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಾನು ಇರುವಂತಿ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳು. ನನಗೆ ಮಗಳೇ ಇಲ್ಲವಲ್ಲ ಎನ್ನುತ್ತೀರಿ. ಹೌದು, ಇನ್ನೂ ಇಲ್ಲ. ನನಗೆ ಅರವತ್ತೊಂದು, ನಿಮಗೆ ಮೂವತ್ತೊಂದು. ಗದರಿಸುವ ವಯಸ್ಸು ನನ್ನದು, ಆದರೂ ತಲೆಮಾರಿಗೆ ಮರ್ಯಾದೆ ಕೊಟ್ಟು ನೀವು ಎನ್ನುತ್ತಿದ್ದೇನೆ.

ಅರವತ್ತು ದಾಟಿದವರು ತಮ್ಮ ಹಿರಿಯರಲ್ಲಿ ಒಬ್ಬರಿಗೆ ಒಂದೇ ಒಂದು ಕಾಗದ ಕಳಿಸಬಹುದು. ಇದಕ್ಕೆ ನಾವು ಹಿಂಟಪಾಲು ಎನ್ನುತ್ತೇವೆ. ಬಹಳ ಮಂದಿ ಅದನ್ನು ಉಪ್ಪಿನಕಾಯಿಯ ಅಳತೆ ಕೇಳಲು ಹಾಳು ಮಾಡುತ್ತಾರೆ. ಉತ್ತರ ಬರುವ ವ್ಯವಸ್ಥೆ ಇಲ್ಲವೆಂಬುದು ಆಮೇಲೆ ನೆನಪಾಗುತ್ತದೆ. ನನ್ನದು ಶನಿವಾರ ಬೆಳಗ್ಗೆ ಏಳೂವರೆಗೆ ನಿಮ್ಮ ಹೊಸ್ತಿಲಲ್ಲಿ ಬಿದ್ದಿರುತ್ತದೆ. ನೀವು ಹಸಿರು ಸೀರೆ ಉಟ್ಟು, ಹುಬ್ಬಳ್ಳಿಯ ಬಸ್ಸಿಗೆ ಹೊರಟು ನಿಂತಿರುತ್ತೀರಿ. ಮನೆಯಲ್ಲಿ ಇಲಾಖೆಯ ತರಬೇತಿ ಎಂದು ಸುಳ್ಳು ಹೇಳಿದ್ದೀರಿ. ಹನ್ನೊಂದು ಗಂಟೆಗೆ ನಿಮಗೆ ಲೈಂಗಿಕ ಚಿಕಿತ್ಸಕಿಯೊಬ್ಬರ ಭೇಟಿ ಇದೆ.

ನನ್ನ ಕೆಲಸವೂ ಅದೇ. ನಮ್ಮ ಕಾಲದಲ್ಲಿ ಸನಿಹವೈದ್ಯೆ ಅನ್ನುತ್ತಾರೆ. ಬೀದಿಯಲ್ಲಿ ಹಲ್ಲಿನ ಡಾಕ್ಟರ ಪಕ್ಕದ ಬಾಗಿಲು ನನ್ನದು, ಕಾಯುವವರಿಗೆ ಬೆಂಚು ರಸ್ತೆಗೇ ಹಾಕಿದೆ. ಸೊಪ್ಪು ಕೊಳ್ಳಲು ಬಂದವರು ಹಾಗೇ ಚೀಟಿ ಬರೆಸಿ ಹೋಗುತ್ತಾರೆ. ಆಪರೇಷನ್ ಆದಮೇಲೆ ಆಸೆಯೇ ಸತ್ತುಹೋಯಿತು ಎನ್ನುವ ಗಂಡಸು ಒಬ್ಬನೇ ಬರುತ್ತಾನೆ. ಮದುವೆಯಾಗಿ ಇಪ್ಪತ್ತು ವರ್ಷಕ್ಕೆ, ನನಗೆ ಏನು ಇಷ್ಟ ಎಂದು ಇವನು ಒಮ್ಮೆಯೂ ಕೇಳಲಿಲ್ಲ ಎಂದು ದೂರು ಹೊತ್ತು ಹೆಂಗಸು ಬರುತ್ತಾಳೆ. ಯಾರೂ ಸೆರಗಿನಲ್ಲಿ ಮುಖ ಮುಚ್ಚುವುದಿಲ್ಲ. ಮೊದಲ ದಿನ ನಾನು ಮೈ ಮುಟ್ಟುವುದೂ ಇಲ್ಲ, ಬರೀ ಕೇಳುತ್ತೇನೆ. ಕೊನೆಗೆ ಅಂಗೈಯಗಲದ ಬೇವಿನ ಹಲಗೆಯೊಂದನ್ನು ಕೊಡುತ್ತೇನೆ. ಅದರ ಹೆಸರು ತಡೆಹಲಗೆ. ಮಲಗುವ ಕೋಣೆಯ ಬಾಗಿಲಿಗೆ ಅದು ತೂಗುವ ಮೂರು ತಿಂಗಳು ಸಂಭೋಗ ಬಂದ್. ದಿನಕ್ಕೆ ಕಾಲು ಗಂಟೆ ಸರದಿಯ ಮೇಲೆ ಒಬ್ಬರು ಇನ್ನೊಬ್ಬರ ಹೆಗಲು, ಬೆನ್ನು, ಅಂಗೈ ಸವರಬೇಕು. ಸವರಿಸಿಕೊಂಡವರು ಇಲ್ಲಿ ಸಾಕು, ಇಲ್ಲಿ ಬೇಡ ಎಂದು ಬಾಯಿಬಿಟ್ಟು ಹೇಳಬೇಕು. ಮುಂದೆ ಏನೂ ನಡೆಯಬೇಕಿಲ್ಲ ಎಂದು ಗೊತ್ತಾದರೆ ಸಾಕು, ಅರ್ಧ ಭಯ ತಾನಾಗಿ ಇಳಿಯುತ್ತದೆ. ಹಲಗೆ ವಾಪಸು ಕೊಟ್ಟ ದಿನ ನೆರೆಮನೆಯವರು ಹೋಳಿಗೆ ಕಳಿಸುತ್ತಾರೆ.

ಇನ್ನು ನಿಮ್ಮ ವಿಷಯ. ನೀವು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವರು. ಸಂತಾನೋತ್ಪತ್ತಿಯ ಪಾಠ ಬಂದಾಗ ಪ್ರತಿ ವರ್ಷ ಪುಸ್ತಕ ಮುಚ್ಚಿ, "ಇದನ್ನ ಮನ್ಯಾಗ ಓದ್ಕೋರಿ, ಪರೀಕ್ಷೆಗೆ ಬರೂದಿಲ್ಲ" ಎಂದಿರಿ. ಬಂತು, ನಿಮಗೇ ಬಂತು. ಮದುವೆಯಾಗಿ ನಾಲ್ಕು ವರ್ಷ. ಗಂಡ ಪಂಚಾಕ್ಷರಿಯವರು ಹತ್ತಿರ ಬಂದರೆ ನಿಮ್ಮ ಮೈ ಬಿಗಿಯುತ್ತದೆ, ಚಾಕುವಿನಿಂದ ಇರಿದ ಹಾಗೆ ನೋವು. ಅದು ಹಟವಲ್ಲ. ಅಲ್ಲಿನ ಸ್ನಾಯುಗಳು ನಿಮ್ಮನ್ನು ಕೇಳದೆಯೇ ಮುಚ್ಚಿಕೊಳ್ಳುತ್ತವೆ. ನಿಮ್ಮ ನೆಗೆಣ್ಣಿ, "ಎಲ್ಲಾರಿಗೂ ಹಂಗ ಇರ್ತೈತಿ, ಒಂದು ಕೂಸಾದ್ರ ಸರಿ ಹೋಗ್ತೈತಿ" ಎಂದರು. ಪಾಠ ಮಾಡುವ ನೀವು ಅದನ್ನು ನಂಬಿದಿರಿ. ಆ ಕಡೆ ಪಂಚಾಕ್ಷರಿಯವರು ತಪ್ಪೆಲ್ಲ ತಮ್ಮದೇ ಎಂದುಕೊಂಡು, ಬಸ್ ನಿಲ್ದಾಣದ ಗೋಡೆಯ ಜಾಹೀರಾತು ನೋಡಿ, ಲಾಡ್ಜಿನ ರೂಮಿನಲ್ಲಿ ಮಂಗಳವಾರಕ್ಕೊಮ್ಮೆ ಸಿಗುವ ತಜ್ಞನಿಂದ ಕರಿಪುಡಿ ತಂದು ಹಾಲಿನಲ್ಲಿ ಕುಡಿದರು. ಕನ್ನಡಕದ ಅಂಗಡಿ ಇಟ್ಟು ಊರಿನವರ ಕಣ್ಣೆಲ್ಲ ಪರೀಕ್ಷಿಸುವ ಮನುಷ್ಯನಿಗೆ ಎದುರು ಮಲಗಿದ ಹೆಂಡತಿಯ ಮುಖ ಕಾಣಲಿಲ್ಲ. ನನಗೆ ನಿಮ್ಮಿಬ್ಬರ ಮೇಲೂ ಕನಿಕರಕ್ಕಿಂತ ಸಿಟ್ಟೇ ಹೆಚ್ಚು.

ಯಾಕೆಂದರೆ ನಿಮ್ಮದು ವಾಸಿಯಾಗುವ ತೊಂದರೆ. ಸೋಂಕು ಗೀಂಕು ಇದೆಯೇ ಎಂದು ಮೊದಲು ಪರೀಕ್ಷೆ. ಆಮೇಲೆ ಉಸಿರು ಬಿಡುತ್ತಾ ಸ್ನಾಯು ಸಡಿಲಿಸುವುದನ್ನು ಕಲಿಸುತ್ತಾರೆ. ಕಿರುಬೆರಳಿಗಿಂತ ತೆಳ್ಳಗಿನ ನುಣುಪು ಕೊಳವೆಯಿಂದ ಶುರುಮಾಡಿ, ನಿಮ್ಮದೇ ಕೈಯಿಂದ, ನಿಮಗೆ ಬೇಕೆನಿಸಿದ ದಿನ ಮಾತ್ರ, ಒಂದೊಂದೇ ಅಳತೆ ಮುಂದಕ್ಕೆ. ನಡುವೆ ಪಂಚಾಕ್ಷರಿಯವರನ್ನೂ ಕರೆಸಿ ಆ ಪುಡಿಯನ್ನು ಚರಂಡಿಗೆ ಸುರಿಸುತ್ತಾರೆ. ಇಂಥವರನ್ನು ನಾನು ಮೂವತ್ನಾಲ್ಕು ವರ್ಷ ನೋಡಿದ್ದೇನೆ. ಬಹುಪಾಲು ಹೆಂಗಸರು ಕೆಲವೇ ತಿಂಗಳಲ್ಲಿ ಹಗುರಾಗುತ್ತಾರೆ. ಎಷ್ಟೋ ಜನ ಮುಟ್ಟುವುದೆಂದರೆ ಹೀಗೂ ಇರುತ್ತದೆಯೇ ಎಂದು ನನ್ನೆದುರೇ ಅತ್ತಿದ್ದಾರೆ. ಹುಬ್ಬಳ್ಳಿಯಲ್ಲಿ ನಿಮಗೆ ಕಾದಿರುವುದು ಇದು.

ಹೋಗಬೇಡಿ.

ಕಾರಣವನ್ನು ಸುತ್ತಿ ಬಳಸಿ ಹೇಳುವುದಿಲ್ಲ. ಹಲಗೆ ಕೊಡುವುದು ನಮ್ಮ ಕಾಲದ ಚಟ, ತಡೆ ಮಾತ್ರ ನಿಮ್ಮ ಕಾಲದ್ದೇ. ಕೆಲಸ ಬಲ್ಲ ಯಾವ ಚಿಕಿತ್ಸಕಿಯಾದರೂ ಇವತ್ತೇ ಅದನ್ನು ಹೇರುತ್ತಾಳೆ, ನಾನಾದರೂ ಹೇರುತ್ತಿದ್ದೆ. ಆದರೆ ನಿಮ್ಮ ಮಗಳು ಹೊಟ್ಟೆಯಲ್ಲಿ ನಿಲ್ಲುವುದು ಇವತ್ತಿಗೆ ಇಪ್ಪತ್ತೆರಡನೆಯ ದಿನ, ಭಾನುವಾರ ಮಧ್ಯಾಹ್ನ, ಮನೆಯವರೆಲ್ಲ ಮದುವೆಗೆ ಹೋದಾಗ. ಈ ವರ್ಷವಾದರೂ ಕೂಸು ಬೇಕೆಂದು ಎರಡೂ ಮನೆಯವರು ಹೇರಿದ್ದಕ್ಕೆ ನೀವಿಬ್ಬರೂ ಅಂದು ಮಣಿಯುತ್ತೀರಿ. ನಿಮಗೆ ಎರಡು ದಿನ ನೆಟ್ಟಗೆ ಕೂರಲಾಗುವುದಿಲ್ಲ. ಪಂಚಾಕ್ಷರಿಯವರು ಬಚ್ಚಲಲ್ಲಿ ನಲ್ಲಿ ತಿರುಗಿಸಿ ಅಳುತ್ತಾರೆ. ಅದಾದಮೇಲೆ ನಲವತ್ತೇಳು ವರ್ಷ ಬೇರೆ ಬೇರೆ ಕೋಣೆ, ಬಾಗಿಲಾಚೆಯಿಂದ ಊಟಕ್ಕೆ ಕರೆಯುವುದಷ್ಟೇ ಸಂಸಾರ. ಮಗಳು ಅದನ್ನೇ ನೋಡಿ ಬೆಳೆದು, ಅವಳೂ ಗಂಡನನ್ನು ಮಾರುದೂರ ಇಡುತ್ತಾಳೆ. ಆ ಒಂದು ಮಧ್ಯಾಹ್ನದಿಂದ ಇಳಿದವರು ನಮ್ಮ ಕಾಲದಲ್ಲಿ ಹನ್ನೊಂದು ಜನ ಬದುಕಿದ್ದೇವೆ. ಅವರಲ್ಲೊಬ್ಬಳು ನನ್ನ ಮೊಮ್ಮಗಳು ನೇಸರಿ. ನಾಲ್ಕು ವರ್ಷ, ಈಗ ನನ್ನ ಕಾಲ ಮೇಲೆ ಕೂತು ಮೂಲಂಗಿ ಕಡಿಯುತ್ತಿದ್ದಾಳೆ. ನೀವು ಬಸ್ ಹತ್ತಿದರೆ ನಿಮಗೆ ಮುಂದೆ ಬೇರೆ ಮಕ್ಕಳಾಗಬಹುದು, ಸುಖವಾಗಿ ಆಗಬಹುದು. ಅವರು ನಾವಲ್ಲ.

ಇದೆಲ್ಲ ನನಗೆ ಗೊತ್ತಾದದ್ದು ನಿಮ್ಮ ಬಾಯಿಂದಲೇ. ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊಮ್ಮಗಳ ಫೋನಿಗೆ ನೀವು ಎಲ್ಲವನ್ನೂ ಹೇಳಿದ್ದೀರಿ, ಆ ಧ್ವನಿ ಉಳಿದಿದೆ. "ಹೋಗಾಕ ಸೀರಿ ಉಟ್ಕೊಂಡು ನಿಂತಿದ್ದೆ. ಅಷ್ಟರಾಗ ಒಂದು ಕಾಗದ ಬಂತು. ಓದಿದೆ, ಹೋಗೂದು ಬಿಟ್ಟೆ." ಯಾರ ಕಾಗದ ಎಂದು ಹುಡುಗಿ ಕೇಳುತ್ತಾಳೆ. "ಇನ್ನೂ ಹುಟ್ಟದವರದು" ಎನ್ನುತ್ತೀರಿ. ಮುದುಕಿಗೆ ಅರುಳುಮರುಳು ಎಂದು ಅವಳು ಮಾತು ಬದಲಿಸುತ್ತಾಳೆ.

ಇದನ್ನು ಕೇಳಿ ಹತ್ತೊಂಬತ್ತು ವರ್ಷವಾಯಿತು. ಅಂದಿನಿಂದ ನನಗೆ ಗೊತ್ತು, ನಿಮ್ಮನ್ನು ತಡೆದದ್ದು ನಿಮ್ಮ ನಾಚಿಕೆಯಲ್ಲ, ಅತ್ತೆಮನೆಯಲ್ಲ, ನಾನು. ಬರೆಯದೇ ಇರಬಹುದಿತ್ತು. ಹೋಗಿ ಬನ್ನಿ ತಾಯಿ ಎಂದು ಬರೆಯಬಹುದಿತ್ತು, ಹಾಗೊಂದು ಕಾಗದವನ್ನು ಬರೆದೂ ನೋಡಿದೆ. ಮೂರು ದಿನ ಮೇಜಿನ ಮೇಲಿತ್ತು. ನಿನ್ನೆ ನಾನೇ ಒಲೆಗೆ ಹಾಕಿದೆ. ನೋವನ್ನು ತಡೆದುಕೊಳ್ಳಬೇಡಿ ಎಂದು ಸಾವಿರಾರು ಹೆಂಗಸರಿಗೆ ಹೇಳಿದ ಬಾಯಿ ಇದು. ನಿಮ್ಮೊಬ್ಬರಿಗೆ ತಡೆದುಕೊಳ್ಳಿ ಎನ್ನುತ್ತಿದ್ದೇನೆ. ನಾಚಿಕೆಯಾಗುತ್ತಿದೆ, ಆದರೆ ಮಾತು ಬದಲಿಸುವುದಿಲ್ಲ.

ಶನಿವಾರದ ಶಾಲೆ ಎಂಟಕ್ಕೆ. ರಜೆಯ ಅರ್ಜಿ ಹರಿದುಹಾಕಿ, ಪಾಠಕ್ಕೆ ಹೋಗಿ.

ನಿಮ್ಮ
ಇರುವಂತಿ